ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮೇಯರ್ ಚುನಾವಣೆ, 2015

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಮೇಯರ್ ಹಾಗೂ ಉಪಮೇಯರ್ ಸ್ಥಾನಗಳಿಗೆ 2015ರ ಸೆಪ್ಟೆಂಬರ್ 11ರಂದು ಚುನಾವಣೆ ನಡೆಯಿತು. ಮಡಿವಾಳ ವಾರ್ಡಿನ ಸದಸ್ಯ, ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಅವರು 131 ಮತಗಳನ್ನು ಪಡೆದು ಮೇಯರ್ ಆಗಿ ಆಯ್ಕೆಯಾದರು. ಅವರ ಎದುರಾಳಿ, ಕಾಡುಮಲ್ಲೇಶ್ವರ ವಾರ್ಡಿನ ಸದಸ್ಯ, ಭಾರತೀಯ ಜನತಾ ಪಕ್ಷದ ಮಂಜುನಾಥ ರಾಜು ಅವರಿಗೆ 128 ಮತಗಳು ಬಂದವು. ಉಪಮೇಯರ್ ಸ್ಥಾನವು ಜಾತ್ಯತೀತ ಜನತಾದಳದ (ಜೆಡಿಎಸ್) ಹೇಮಲತಾ ಗೋಪಾಲಯ್ಯ ಅವರ ಪಾಲಾಯಿತು.

ಫಲಿತಾಂಶದ ಅಂತರ ಮೂರೇ ಮತಗಳಾದರೂ, ಈ ಚುನಾವಣೆ ನೆನಪಿನಲ್ಲಿ ಉಳಿದಿರುವುದು ಆ ಕಾರಣಕ್ಕಲ್ಲ. ಅದಕ್ಕೆ ಹದಿನೇಳು ದಿನಗಳ ಹಿಂದೆ, ಆಗಸ್ಟ್ 25ರಂದು, ಪಾಲಿಕೆಯ 198 ವಾರ್ಡುಗಳ ಫಲಿತಾಂಶ ಪ್ರಕಟವಾದಾಗ ಬಿಜೆಪಿ 100 ಸ್ಥಾನಗಳನ್ನು ಗೆದ್ದಿತ್ತು. ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14 ಸ್ಥಾನಗಳು ದೊರೆತಿದ್ದವು. ಉಳಿದ 8 ಸ್ಥಾನಗಳು ಪಕ್ಷೇತರರಿಗೆ ಮತ್ತು ಇತರರಿಗೆ ಸಂದಿದ್ದವು. ಹೀಗೆ ಚುನಾಯಿತ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹೊಂದಿದ್ದ ಪಕ್ಷವು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿತು. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು ಮತ್ತು ವಿಧಾನ ಪರಿಷತ್ ಸದಸ್ಯರಿಗೂ ಮತದಾನದ ಹಕ್ಕು ಇರುವ ಕಾನೂನಿನ ಒಂದು ಉಪಬಂಧದಿಂದಾಗಿ ಇದು ಸಾಧ್ಯವಾಯಿತು.

ಮೇಯರ್ ಚುನಾವಣೆಯ ಮತದಾರರು

ಉತ್ತರ ಪ್ರದೇಶ, ಮಧ್ಯ ಪ್ರದೇಶದಂಥ ಕೆಲವು ರಾಜ್ಯಗಳಲ್ಲಿ ನಗರದ ಮತದಾರರೇ ನೇರವಾಗಿ ಮೇಯರ್‌ನನ್ನು ಆರಿಸುತ್ತಾರೆ. ಕರ್ನಾಟಕದಲ್ಲಿ ಆ ಪದ್ಧತಿ ಇಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದ ಪ್ರಕಾರ ಪಾಲಿಕೆಯ ಸದಸ್ಯರು ಸಭೆ ಸೇರಿ ತಮ್ಮಲ್ಲೇ ಒಬ್ಬರನ್ನು ಮೇಯರ್ ಆಗಿಯೂ ಮತ್ತೊಬ್ಬರನ್ನು ಉಪಮೇಯರ್ ಆಗಿಯೂ ಚುನಾಯಿಸಬೇಕು. ಅಧಿಕಾರಾವಧಿ ಒಂದು ವರ್ಷ. ಎರಡೂ ಸ್ಥಾನಗಳಿಗೆ ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಯಾವ ವರ್ಷ ಯಾವ ವರ್ಗಕ್ಕೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. ಸಭೆಯನ್ನು ನಡೆಸುವವರು ಪ್ರಾದೇಶಿಕ ಆಯುಕ್ತರು. ಮತದಾನ ಗುಪ್ತವಲ್ಲ, ಸದಸ್ಯರು ಕೈ ಎತ್ತಿ ತಮ್ಮ ಆಯ್ಕೆಯನ್ನು ಸೂಚಿಸುತ್ತಾರೆ.

ಇಲ್ಲಿ 'ಸದಸ್ಯರು' ಎಂಬ ಪದದ ವ್ಯಾಪ್ತಿಯೇ ಮುಖ್ಯವಾದದ್ದು. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 243ಆರ್ ಅನುಚ್ಛೇದವು, ವಾರ್ಡುಗಳಿಂದ ನೇರವಾಗಿ ಆಯ್ಕೆಯಾದವರಲ್ಲದೆ ಇನ್ನೂ ಕೆಲವರಿಗೆ ಪುರಾಡಳಿತ ಸಂಸ್ಥೆಯಲ್ಲಿ ಪ್ರಾತಿನಿಧ್ಯ ನೀಡಲು ರಾಜ್ಯ ಶಾಸಕಾಂಗಕ್ಕೆ ಅವಕಾಶ ಕೊಟ್ಟಿದೆ. ಪುರಾಡಳಿತದಲ್ಲಿ ವಿಶೇಷ ಜ್ಞಾನ ಉಳ್ಳವರೆಂದು ನಾಮನಿರ್ದೇಶನಗೊಂಡವರು ಚರ್ಚೆಯಲ್ಲಿ ಭಾಗವಹಿಸಬಹುದು, ಆದರೆ ಮತ ಹಾಕುವಂತಿಲ್ಲ ಎಂದು ಅದೇ ಅನುಚ್ಛೇದ ಸ್ಪಷ್ಟಪಡಿಸುತ್ತದೆ. ನಗರದ ವ್ಯಾಪ್ತಿ ಪೂರ್ಣವಾಗಿಯೋ ಭಾಗಶಃವಾಗಿಯೋ ಒಳಗೊಳ್ಳುವ ಕ್ಷೇತ್ರಗಳ ಲೋಕಸಭಾ ಮತ್ತು ವಿಧಾನಸಭಾ ಸದಸ್ಯರ ಮೇಲೆ ಅಂಥ ನಿರ್ಬಂಧವಿಲ್ಲ. ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರ ವಿಷಯದಲ್ಲಿ ಅಳತೆಗೋಲು ಬೇರೆ. ಅವರಿಗೆ ನಿರ್ದಿಷ್ಟ ಭೌಗೋಳಿಕ ಕ್ಷೇತ್ರ ಇರಲೇಬೇಕೆಂದಿಲ್ಲವಾದ್ದರಿಂದ, ನಗರದ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇದ್ದರೆ ಸಾಕು. ಕರ್ನಾಟಕದ ಅಧಿನಿಯಮವು ಈ ಎಲ್ಲರನ್ನೂ ಪಾಲಿಕೆಯ ಸದಸ್ಯರೆಂದು ಪರಿಗಣಿಸಿದೆ.

ಚಿಕ್ಕ ನಗರಗಳಲ್ಲಿ ಈ ಉಪಬಂಧದ ಪ್ರಭಾವ ಒಂದೆರಡು ಮತಗಳಿಗೆ ಸೀಮಿತ. ಬೆಂಗಳೂರಿನ ಮಾತು ಬೇರೆ. ರಾಜಧಾನಿಯಾದ್ದರಿಂದ ಬೇರೆ ಬೇರೆ ಜಿಲ್ಲೆಗಳ ಹಿರಿಯ ರಾಜಕಾರಣಿಗಳು ಇಲ್ಲಿ ಮನೆ ಮಾಡಿಕೊಂಡಿರುತ್ತಾರೆ. ವಿಧಾನ ಪರಿಷತ್ತಿನ ಹಾಗೂ ರಾಜ್ಯಸಭೆಯ ಹಲವು ಸದಸ್ಯರ ಹೆಸರು ಬೆಂಗಳೂರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ಬೆಂಗಳೂರು ಉತ್ತರ, ದಕ್ಷಿಣ ಮತ್ತು ಕೇಂದ್ರ ಲೋಕಸಭಾ ಕ್ಷೇತ್ರಗಳ ಜೊತೆಗೆ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಕ್ಷೇತ್ರಗಳ ಭಾಗಗಳೂ ಪಾಲಿಕೆಯ ಗಡಿಯೊಳಗೆ ಬರುತ್ತಿದ್ದವು. ಯಲಹಂಕ ವಿಧಾನಸಭಾ ಕ್ಷೇತ್ರವು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ಆಗಿನ ಸಂಸದ ಎಂ. ವೀರಪ್ಪ ಮೊಯ್ಲಿ ಅವರಿಗೂ ಬೆಂಗಳೂರಿನ ಮೇಯರ್ ಆಯ್ಕೆಯಲ್ಲಿ ಒಂದು ಮತವಿತ್ತು. 2015ರಲ್ಲಿ ಇಂಥ ಪದನಿಮಿತ್ತ ಮತದಾರರ ಸಂಖ್ಯೆ 62. ವಾರ್ಡುಗಳ 198 ಸದಸ್ಯರೂ ಸೇರಿ ಒಟ್ಟು ಮತದಾರರು 260. ಎಲ್ಲರೂ ಹಾಜರಿದ್ದರೆ ಬಹುಮತಕ್ಕೆ ಬೇಕಾದದ್ದು 131.

ಹಿನ್ನೆಲೆ

ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯ 100 ವಾರ್ಡುಗಳಿಗೆ ಸುತ್ತಲಿನ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ 2007ರಲ್ಲಿ ಬಿಬಿಎಂಪಿಯನ್ನು ರಚಿಸಲಾಯಿತು. ಆ ಏಳು ನಗರಸಭೆಗಳೆಂದರೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬೊಮ್ಮನಹಳ್ಳಿ ಮತ್ತು ರಾಜರಾಜೇಶ್ವರಿನಗರ. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಗಳ ಆಳ್ವಿಕೆ ಇತ್ತು. ಆಗ ರಾಜ್ಯದಲ್ಲೂ ಅಧಿಕಾರದಲ್ಲಿದ್ದ ಬಿಜೆಪಿ ಪಾಲಿಕೆಯಲ್ಲಿ ಸ್ಪಷ್ಟ ಬಹುಮತ ಪಡೆಯಿತು. ಎಸ್.ಕೆ. ನಟರಾಜ್, ಶಾರದಮ್ಮ, ವೆಂಕಟೇಶ ಮೂರ್ತಿ, ಬಿ.ಎಸ್. ಸತ್ಯನಾರಾಯಣ ಮತ್ತು ಶಾಂತಕುಮಾರಿ ಅವರು ವರ್ಷಕ್ಕೊಬ್ಬರಂತೆ ಮೇಯರ್ ಆದರು.

2013ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ ಅಧಿಕಾರ ಹಿಡಿದು ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಬೆಂಗಳೂರಿನ 28 ವಿಧಾನಸಭಾ ಕ್ಷೇತ್ರಗಳಲ್ಲಿ ಆ ವರ್ಷ ಕಾಂಗ್ರೆಸ್ 13, ಬಿಜೆಪಿ 12, ಜೆಡಿಎಸ್ 3 ಸ್ಥಾನಗಳನ್ನು ಗೆದ್ದಿದ್ದವು. ಎರಡು ವರ್ಷಗಳ ನಂತರ ಮೇಯರ್ ಯಾರಾಗಬೇಕೆಂಬುದನ್ನು ಈ ಸಂಖ್ಯೆಗಳು ಪ್ರಭಾವಿಸಲಿವೆ ಎಂದು ಆಗ ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ.

ರಾಜ್ಯ ಸರ್ಕಾರ ಮತ್ತು ಪಾಲಿಕೆ ಬೇರೆ ಬೇರೆ ಪಕ್ಷಗಳ ಕೈಯಲ್ಲಿದ್ದ ಆ ಎರಡು ವರ್ಷಗಳಲ್ಲಿ ಘರ್ಷಣೆ ಹೆಚ್ಚಿತು. ಕಸ ವಿಲೇವಾರಿ ಅದರ ಮುಖ್ಯ ಕಾರಣಗಳಲ್ಲೊಂದು. ಮಾವಳ್ಳಿಪುರದ ನಂತರ ಮಂಡೂರಿನ ಗ್ರಾಮಸ್ಥರೂ ನಗರದ ಕಸ ತಮ್ಮೂರಿಗೆ ಬೇಡವೆಂದು ಹೋರಾಟಕ್ಕಿಳಿದರು. 2014ರ ಕೊನೆಯ ಹೊತ್ತಿಗೆ ಅಲ್ಲಿಗೆ ಕಸ ಸಾಗಿಸುವುದನ್ನು ನಿಲ್ಲಿಸಬೇಕಾಯಿತು. ಸಾಲಕ್ಕಾಗಿ ಪಾಲಿಕೆಯ ಹಲವು ಕಟ್ಟಡಗಳನ್ನು ಅಡವಿಟ್ಟದ್ದನ್ನು ಕಾಂಗ್ರೆಸ್ ಮತ್ತೆ ಮತ್ತೆ ಪ್ರಸ್ತಾಪಿಸಿತು. 2015ರ ಏಪ್ರಿಲ್‌ನಲ್ಲಿ, ಅವಧಿ ಮುಗಿಯಲು ಕೆಲವೇ ದಿನಗಳಿದ್ದಾಗ, ಅಕ್ರಮಗಳ ಕಾರಣ ನೀಡಿ ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. ಹಿರಿಯ ಐಎಎಸ್ ಅಧಿಕಾರಿ ಟಿ.ಎಂ. ವಿಜಯ ಭಾಸ್ಕರ್ ಅವರನ್ನು ಆಡಳಿತಾಧಿಕಾರಿಯಾಗಿ ನೇಮಿಸಲಾಯಿತು.

ಇದರ ಜೊತೆಗೆ ಪಾಲಿಕೆಯನ್ನು ಹಲವು ಭಾಗಗಳಾಗಿ ವಿಭಜಿಸುವ ಪ್ರಸ್ತಾವವೂ ಮುಂದೆ ಬಂತು. ನಿವೃತ್ತ ಮುಖ್ಯ ಕಾರ್ಯದರ್ಶಿ ಬಿ.ಎಸ್. ಪಾಟೀಲ ಅವರ ನೇತೃತ್ವದ ಸಮಿತಿ ಈ ವಿಷಯವನ್ನು ಪರಿಶೀಲಿಸುತ್ತಿತ್ತು. ವಿಭಜನೆಗೆ ಅವಕಾಶ ಕೊಡುವ ಮಸೂದೆಯನ್ನು ಸರ್ಕಾರ ವಿಧಾನಸಭೆಯಲ್ಲಿ ಅಂಗೀಕರಿಸಿತಾದರೂ ಅದು ಕಾನೂನಾಗಿ ಜಾರಿಗೆ ಬರಲಿಲ್ಲ. ಸರ್ಕಾರಕ್ಕೆ ಚುನಾವಣೆ ಎದುರಿಸುವ ಧೈರ್ಯವಿಲ್ಲ, ವಿಭಜನೆ ಕೇವಲ ಒಂದು ನೆಪ ಎಂದು ಬಿಜೆಪಿ ಆರೋಪಿಸಿತು. ಇಷ್ಟು ದೊಡ್ಡ ನಗರವನ್ನು ಒಂದೇ ಪಾಲಿಕೆ ನಿಭಾಯಿಸಲಾರದು ಎಂಬುದು ಸರ್ಕಾರದ ವಾದವಾಗಿತ್ತು. 2011ರ ಜನಗಣತಿಯ ಪ್ರಕಾರ ಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷವಿದ್ದುದನ್ನು ನೋಡಿದರೆ ಆ ವಾದದಲ್ಲಿ ತಿರುಳಿಲ್ಲ ಎನ್ನಲಾಗದು. ಆದರೆ ಅದನ್ನು ಮಂಡಿಸಿದ ಸಮಯ ಮಾತ್ರ ಸಂಶಯಕ್ಕೆ ಎಡೆ ಮಾಡಿಕೊಟ್ಟಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಬೇಕೆಂಬ ಸಾಂವಿಧಾನಿಕ ನಿಯಮವನ್ನು ಮುಂದಿಟ್ಟು ಕೆಲವರು ಹೈಕೋರ್ಟಿನ ಮೊರೆಹೋದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಅಂತಿಮವಾಗಿ ನ್ಯಾಯಾಲಯದ ನಿರ್ದೇಶನದಂತೆ ಚುನಾವಣೆ ನಿಗದಿಯಾಯಿತು.

ವಾರ್ಡುಗಳ ಚುನಾವಣೆ

2015ರ ಆಗಸ್ಟ್ 22ರಂದು ಮತದಾನ ನಡೆಯಿತು. ಮತ ಚಲಾಯಿಸಿದವರು ನಗರದ ಮತದಾರರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ. ವಾರ್ಡುಗಳಲ್ಲಿ ಅರ್ಧದಷ್ಟನ್ನು ಮಹಿಳೆಯರಿಗೆ ಮೀಸಲಿಟ್ಟು ನಡೆದ ಈ ಚುನಾವಣೆಯಿಂದಾಗಿ ಪಾಲಿಕೆಯ ಸಭಾಂಗಣದ ಚಹರೆಯೇ ಬದಲಾಯಿತು.

ಆಗಸ್ಟ್ 25ರಂದು ಫಲಿತಾಂಶ ಹೊರಬಿದ್ದಾಗ ಬಿಜೆಪಿಯ ಸ್ಥಾನಗಳು 2010ಕ್ಕಿಂತ ಕಡಿಮೆಯಾಗಿದ್ದವು. ಆದರೂ 198ರಲ್ಲಿ 100 ಎಂಬುದು ಗೆಲುವೇ. ಆಡಳಿತ ಪಕ್ಷಕ್ಕೆ ರಾಜಧಾನಿಯಲ್ಲೇ ಸೋಲಾಯಿತೆಂಬ ವಿಶ್ಲೇಷಣೆಗಳು ಬಂದವು. ಬಿಜೆಪಿಯಲ್ಲಿ ಮೇಯರ್ ಆಕಾಂಕ್ಷಿಗಳ ಹೆಸರುಗಳು ಚರ್ಚೆಗೆ ಬಂದವು. ಪಾಲಿಕೆ ಚುನಾವಣೆಯ ಹೊಣೆ ಹೊತ್ತಿದ್ದವರಲ್ಲಿ ಪ್ರಮುಖರಾಗಿದ್ದ ಮಾಜಿ ಉಪಮುಖ್ಯಮಂತ್ರಿ ಆರ್. ಅಶೋಕ ಅವರಿಗೆ ಇದು ವೈಯಕ್ತಿಕ ಗೆಲುವೆಂದೂ ಬಣ್ಣಿಸಲಾಯಿತು.

ಮೈತ್ರಿಯ ಮಾತುಕತೆ

ಫಲಿತಾಂಶದ ಬೆನ್ನಲ್ಲೇ ಕಾಂಗ್ರೆಸ್ಸಿನ ಬೆಂಗಳೂರು ನಾಯಕರು ಬೇರೆ ಲೆಕ್ಕವೊಂದನ್ನು ಹಾಕಿದರು. ಮೇಯರ್ ಆಯ್ಕೆಯಲ್ಲಿ ಗೆಲ್ಲಲು ಬೇಕಾದದ್ದು 100 ಅಲ್ಲ, 131. ಅಷ್ಟು ಮತಗಳು ಬಿಜೆಪಿಯ ಬಳಿಯೂ ಇರಲಿಲ್ಲ. ತಮ್ಮ ಶಾಸಕರು, ಪರಿಷತ್ ಸದಸ್ಯರು ಮತ್ತು ಸಂಸದರ ಜೊತೆಗೆ ಜೆಡಿಎಸ್ ಹಾಗೂ ಪಕ್ಷೇತರರು ಬಂದರೆ ಆ ಗಡಿಯನ್ನು ಮುಟ್ಟಬಹುದಿತ್ತು. ಆಗ ಸಾರಿಗೆ ಸಚಿವರಾಗಿದ್ದ ರಾಮಲಿಂಗಾ ರೆಡ್ಡಿ ಈ ಪ್ರಯತ್ನದ ಕೇಂದ್ರದಲ್ಲಿದ್ದರು. ಯಶವಂತಪುರದ ಶಾಸಕ ಎಸ್.ಟಿ. ಸೋಮಶೇಖರ್, ಕೃಷ್ಣರಾಜಪುರದ ಬೈರತಿ ಬಸವರಾಜ ಮತ್ತು ರಾಜರಾಜೇಶ್ವರಿನಗರದ ಮುನಿರತ್ನ ಅವರು ಪಕ್ಷೇತರರ ಮನವೊಲಿಸುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದರು. ಜೆಡಿಎಸ್ ಕಡೆಯಿಂದ ಮಹಾಲಕ್ಷ್ಮಿ ಲೇಔಟ್ ಶಾಸಕ ಕೆ. ಗೋಪಾಲಯ್ಯ ಪ್ರಮುಖ ಪಾತ್ರ ವಹಿಸಿದರು.

ಪಕ್ಷೇತರ ಸದಸ್ಯರನ್ನು ಕೇರಳಕ್ಕೆ ಕರೆದೊಯ್ದು ರೆಸಾರ್ಟಿನಲ್ಲಿ ಇರಿಸಲಾಯಿತು. ಸರ್ಕಾರ ಉಳಿಸಲು ಅಥವಾ ಉರುಳಿಸಲು ಶಾಸಕರನ್ನು ರೆಸಾರ್ಟುಗಳಿಗೆ ಸಾಗಿಸುವುದು ಕರ್ನಾಟಕದ ಜನರಿಗೆ ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ಈಗ ಅದೇ ಪದ್ಧತಿ ವಾರ್ಡು ಮಟ್ಟದ ಪ್ರತಿನಿಧಿಗಳಿಗೂ ಇಳಿದು ಬಂದಿತ್ತು. ತಮ್ಮ ಬೀದಿಯ ಚರಂಡಿ, ದೀಪ, ಕಸದ ಲಾರಿಗಾಗಿ ಆರಿಸಿ ಕಳಿಸಿದ ಸದಸ್ಯರು ಪ್ರಮಾಣ ವಚನ ಸ್ವೀಕರಿಸುವ ಮೊದಲೇ ಹೊರರಾಜ್ಯಕ್ಕೆ ಹೋದದ್ದು ಪತ್ರಿಕೆಗಳಲ್ಲಿ ಸಾಕಷ್ಟು ವ್ಯಂಗ್ಯಕ್ಕೆ ವಸ್ತುವಾಯಿತು.

ಜೆಡಿಎಸ್‌ನ ನಿರ್ಧಾರವೇ ನಿರ್ಣಾಯಕವಾಗಿತ್ತು. 14 ಸದಸ್ಯರು ಮತ್ತು ತನ್ನ ಶಾಸಕರು, ಪರಿಷತ್ ಸದಸ್ಯರ ಮತಗಳು ಆ ಪಕ್ಷದ ಬಳಿ ಇದ್ದವು. 2006ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ಬಿಜೆಪಿಯ ಜೊತೆಗೂಡಿ ಮುಖ್ಯಮಂತ್ರಿಯಾಗಿದ್ದರು. ಆ ಮೈತ್ರಿ ಮರುವರ್ಷವೇ ಅಧಿಕಾರ ಹಸ್ತಾಂತರದ ವಿಷಯದಲ್ಲಿ ಮುರಿದುಬಿದ್ದಿತ್ತು. ಸಿದ್ದರಾಮಯ್ಯ ಅವರು 2005ರಲ್ಲಿ ಜೆಡಿಎಸ್‌ನಿಂದ ಉಚ್ಚಾಟಿತರಾಗಿ ಕಾಂಗ್ರೆಸ್ ಸೇರಿದವರು. ಹೀಗಾಗಿ ಎರಡೂ ಕಡೆ ಹಳೆಯ ಕಹಿಯಿತ್ತು. ಕೊನೆಗೆ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಎಚ್.ಡಿ. ದೇವೇಗೌಡ ಅವರ ಒಪ್ಪಿಗೆಯೊಂದಿಗೆ ಕಾಂಗ್ರೆಸ್ ಜೊತೆಗಿನ ಹೊಂದಾಣಿಕೆ ಅಂತಿಮಗೊಂಡಿತು. ಮೇಯರ್ ಸ್ಥಾನ ಕಾಂಗ್ರೆಸ್ಸಿಗೆ, ಉಪಮೇಯರ್ ಸ್ಥಾನ ಜೆಡಿಎಸ್‌ಗೆ ಎಂದು ತೀರ್ಮಾನವಾಯಿತು. ಸ್ಥಾಯಿ ಸಮಿತಿಗಳ ಅಧ್ಯಕ್ಷತೆಯನ್ನು ಎರಡೂ ಪಕ್ಷಗಳು ಮತ್ತು ಪಕ್ಷೇತರರು ಹಂಚಿಕೊಂಡರು.

ಮತದಾನ

ಸೆಪ್ಟೆಂಬರ್ 11ರಂದು ಪಾಲಿಕೆಯ ಕೇಂದ್ರ ಕಚೇರಿಯ ಕೆಂಪೇಗೌಡ ಪೌರ ಸಭಾಂಗಣದಲ್ಲಿ ಸಭೆ ಸೇರಿತು. ವಾರ್ಡುಗಳ ಸದಸ್ಯರ ಪಕ್ಕದಲ್ಲೇ ಶಾಸಕರು ಮತ್ತು ಸಂಸದರು ಆಸೀನರಾದರು. ಬೆಂಗಳೂರು ಉತ್ತರದ ಸಂಸದ ಡಿ.ವಿ. ಸದಾನಂದ ಗೌಡ ಮತ್ತು ದಕ್ಷಿಣದ ಸಂಸದ ಅನಂತಕುಮಾರ್ ಆಗ ಕೇಂದ್ರ ಸಚಿವರು. ಅವರಿಗೂ ಕಾಡುಮಲ್ಲೇಶ್ವರದ ಅಥವಾ ಮಡಿವಾಳದ ಸದಸ್ಯರಿಗೆ ಇದ್ದಷ್ಟೇ, ಒಂದೊಂದೇ ಮತ. ಕಾಂಗ್ರೆಸ್ ಪಾಳಯದಲ್ಲಿ ಬೆಂಗಳೂರು ಗ್ರಾಮಾಂತರದ ಸಂಸದ ಡಿ.ಕೆ. ಸುರೇಶ್ ಅವರಿಗೂ ಮತವಿತ್ತು.

ಬೇರೆ ಜಿಲ್ಲೆಗಳಿಗೆ ಸೇರಿದ ಪರಿಷತ್ ಸದಸ್ಯರು ಮತದಾರರ ಪಟ್ಟಿಯಲ್ಲಿದ್ದುದಕ್ಕೆ ಬಿಜೆಪಿ ಆಕ್ಷೇಪ ವ್ಯಕ್ತಪಡಿಸಿತು. ಕೈ ಎತ್ತುವ ಮೂಲಕ ಮತ ಎಣಿಸಿದಾಗ ಮಂಜುನಾಥ ರೆಡ್ಡಿ ಅವರ ಪರ 131, ಮಂಜುನಾಥ ರಾಜು ಅವರ ಪರ 128 ಮತಗಳು ದಾಖಲಾದವು. ಉಪಮೇಯರ್ ಆಗಿ ಆಯ್ಕೆಯಾದ ಹೇಮಲತಾ ಅವರು ವೃಷಭಾವತಿನಗರ ವಾರ್ಡಿನ ಸದಸ್ಯೆ, ಶಾಸಕ ಗೋಪಾಲಯ್ಯ ಅವರ ಪತ್ನಿ.

ಮತಗಳ ಲೆಕ್ಕ

ಈ ಚುನಾವಣೆಯ ಬಗ್ಗೆ ಪ್ರಚಲಿತವಿರುವ ಒಂದು ತಪ್ಪು ತಿಳಿವಳಿಕೆಯೆಂದರೆ, ಪಕ್ಷೇತರರು ಕೈಕೊಟ್ಟದ್ದರಿಂದ ಬಿಜೆಪಿ ಸೋತಿತು ಎಂಬುದು. ಅಂಕಿಗಳು ಹಾಗೆ ಹೇಳುವುದಿಲ್ಲ. ಕಾಂಗ್ರೆಸ್ಸಿನ 76, ಜೆಡಿಎಸ್‌ನ 14 ಮತ್ತು ಉಳಿದ 8 ಸದಸ್ಯರೆಲ್ಲರನ್ನೂ ಕೂಡಿಸಿದರೂ ಮೊತ್ತ 98. ಅಂದರೆ ವಾರ್ಡುಗಳ ಸದಸ್ಯರು ಮಾತ್ರ ಮತ ಹಾಕುವ ವ್ಯವಸ್ಥೆ ಇದ್ದಿದ್ದರೆ, ಪಕ್ಷೇತರರು ಯಾರ ಜೊತೆ ಹೋಗಿದ್ದರೂ, ಬಿಜೆಪಿ ತನ್ನ 100 ಸದಸ್ಯರನ್ನು ಒಟ್ಟಿಗೆ ಹಿಡಿದಿಟ್ಟುಕೊಂಡಿದ್ದರೆ ಮೇಯರ್ ಸ್ಥಾನ ಅದಕ್ಕೇ ಸಿಗುತ್ತಿತ್ತು. ಮಂಜುನಾಥ ರೆಡ್ಡಿ ಅವರಿಗೆ ಬಂದ 131 ಮತಗಳಲ್ಲಿ ಕನಿಷ್ಠ 33 ಮತಗಳು ಪದನಿಮಿತ್ತ ಸದಸ್ಯರಿಂದಲೇ ಬರಬೇಕಿತ್ತು. ಪಕ್ಷೇತರರ ಬೆಂಬಲ ಅಗತ್ಯವಾಗಿತ್ತು ನಿಜ, ಏಕೆಂದರೆ 131ರ ಗಡಿಯ ಮೇಲೆ ಒಂದು ಮತವೂ ಹೆಚ್ಚಿರಲಿಲ್ಲ. ಆದರೆ 100 ಸ್ಥಾನಗಳ ಗೆಲುವನ್ನು ಸೋಲಾಗಿಸಿದ್ದು 62 ಮಂದಿಯ ಆ ಪಟ್ಟಿ.

ಜನಾದೇಶಕ್ಕೆ ದ್ರೋಹವಾಯಿತೆಂದು ಬಿಜೆಪಿ ದೂರಿತು. ಕಾನೂನಿನಲ್ಲಿರುವುದನ್ನೇ ಪಾಲಿಸಲಾಗಿದೆ, ಶಾಸಕರೂ ಸಂಸದರೂ ಇದೇ ನಗರದ ಜನರಿಂದ ಆಯ್ಕೆಯಾದವರು ಎಂಬುದು ಕಾಂಗ್ರೆಸ್ಸಿನ ಉತ್ತರ. ಎರಡನೆಯ ವಾದ ವಿಧಾನಸಭೆ ಮತ್ತು ಲೋಕಸಭೆಯ ಸದಸ್ಯರಿಗೆ ಸಲ್ಲುತ್ತದೆ. ಪರಿಷತ್ ಸದಸ್ಯರಲ್ಲಿ ವಿಧಾನಸಭೆಯ ಸದಸ್ಯರಿಂದ ಚುನಾಯಿತರಾದವರು, ರಾಜ್ಯಪಾಲರಿಂದ ನಾಮನಿರ್ದೇಶನಗೊಂಡವರು, ದೂರದ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳಿಂದ ಬಂದವರು ಇರುತ್ತಾರೆ. ಅವರಿಗೆ ಬೆಂಗಳೂರಿನ ಮತದಾರನು ಮತ ನೀಡಿರಬೇಕೆಂದಿಲ್ಲ. ಮುಂದೆ 2016ರ ಮೇಯರ್ ಚುನಾವಣೆಯ ಹೊತ್ತಿಗೆ ವಿವಾದ ಕೇಂದ್ರೀಕರಿಸಿದ್ದು ಇಲ್ಲಿಯೇ. ಬೇರೆ ಊರಿನ ವಿಳಾಸ ಹೊಂದಿದ್ದ ಕೆಲವು ಪರಿಷತ್ ಸದಸ್ಯರು ಬೆಂಗಳೂರಿನ ಮತದಾರರ ಪಟ್ಟಿಗೆ ಸೇರಿ ಮತ ಹಾಕಿದ್ದಾರೆ, ಅದೇ ವೇಳೆ ಹೊರಊರಿನವರೆಂದು ಪ್ರಯಾಣ ಭತ್ಯೆಯನ್ನೂ ಪಡೆದಿದ್ದಾರೆ ಎಂದು ಬಿಜೆಪಿ ದೂರು ನೀಡಿತು.

ಮೇಯರ್‌ನನ್ನು ಜನರೇ ನೇರವಾಗಿ ಆರಿಸಬೇಕೆಂಬ ಬೇಡಿಕೆ ಇಂಥ ಸಂದರ್ಭಗಳಲ್ಲಿ ಕೇಳಿಬರುತ್ತದೆ. ಅಮೆರಿಕದ ದೊಡ್ಡ ನಗರಗಳ ಉದಾಹರಣೆಯನ್ನು ಅದಕ್ಕೆ ಕೊಡುವುದುಂಟು. ಆದರೆ ಅಲ್ಲಿಯೂ ಆಯ್ಕೆ ಮತ್ತು ಬಹುಮತ ಬೇರೆ ಬೇರೆ ದಾರಿ ಹಿಡಿದದ್ದಿದೆ. 1983ರಲ್ಲಿ ಶಿಕಾಗೊ ನಗರದ ಮತದಾರರು ಹೆರಾಲ್ಡ್ ವಾಷಿಂಗ್ಟನ್ ಅವರನ್ನು ಅಲ್ಲಿನ ಮೊದಲ ಕಪ್ಪುವರ್ಣೀಯ ಮೇಯರ್ ಆಗಿ ಆರಿಸಿದರು. ಆದರೆ ನಗರ ಮಂಡಳಿಯ 50 ಸದಸ್ಯರಲ್ಲಿ 29 ಮಂದಿ ಅವರ ವಿರುದ್ಧ ಗುಂಪುಗೂಡಿ ನೇಮಕಾತಿಗಳನ್ನೂ ಪ್ರಸ್ತಾವಗಳನ್ನೂ ತಡೆದರು. 1986ರವರೆಗೆ ಈ ಬಿಕ್ಕಟ್ಟು ಮುಂದುವರಿಯಿತು. ಬೆಂಗಳೂರಿನಲ್ಲಿ ಮೇಯರ್‌ನ ಅಧಿಕಾರವೇ ಆಗ ಬಹಳ ಕಡಿಮೆಯಿತ್ತು. ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸುತ್ತಿದ್ದ ಆಯುಕ್ತರ ಕೈಯಲ್ಲಿತ್ತು. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಿದ್ದರು. ಒಂದು ವರ್ಷದ ಅವಧಿಯಲ್ಲಿ ಒಂದು ಆಯವ್ಯಯವನ್ನು ಮಾತ್ರ ಕಾಣುತ್ತಿದ್ದರು. ಕುಡಿಯುವ ನೀರು, ಒಳಚರಂಡಿ, ಸಾರಿಗೆ, ನಗರ ಯೋಜನೆ ಇವು ಪಾಲಿಕೆಯ ಹೊರಗಿನ ಸಂಸ್ಥೆಗಳಿಗೆ ಸೇರಿದ್ದವು. ಅಷ್ಟು ಸಣ್ಣ ಅಧಿಕಾರಕ್ಕೆ ಇಷ್ಟೊಂದು ಹೋರಾಟ ಏಕೆ ಎಂದರೆ, ಸ್ಥಾಯಿ ಸಮಿತಿಗಳ ಮೂಲಕ ಕಾಮಗಾರಿಗಳ ಮೇಲೆ ಸಿಗುವ ಹಿಡಿತ ಮತ್ತು ಮುಂದಿನ ವಿಧಾನಸಭಾ ಚುನಾವಣೆಗೆ ನಗರದಲ್ಲಿ ಬೇಕಾದ ನೆಲೆ ಸಣ್ಣದಲ್ಲ.

ನಂತರದ ವರ್ಷಗಳು

ಕಾಂಗ್ರೆಸ್–ಜೆಡಿಎಸ್ ಹೊಂದಾಣಿಕೆ ಪಾಲಿಕೆಯಲ್ಲಿ ನಾಲ್ಕು ವರ್ಷ ಉಳಿಯಿತು. 2016ರಲ್ಲಿ ಪ್ರಕಾಶನಗರ ವಾರ್ಡಿನ ಜಿ. ಪದ್ಮಾವತಿ, 2017ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಸ್ಥಾನಕ್ಕೆ ಆರ್. ಸಂಪತ್ ರಾಜ್, 2018ರಲ್ಲಿ ಜಯನಗರ ವಾರ್ಡಿನ ಗಂಗಾಂಬಿಕೆ ಮಲ್ಲಿಕಾರ್ಜುನ ಮೇಯರ್ ಆದರು. ಎಲ್ಲರೂ ಕಾಂಗ್ರೆಸ್ಸಿನವರೇ. 2018ರ ಆಯ್ಕೆಯ ವೇಳೆ ಬಿಜೆಪಿ ಸದಸ್ಯರು ಸಭೆಯಿಂದ ಹೊರನಡೆದರು. ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಎರಡು ಪಕ್ಷಗಳು ಸೇರಿ ರಾಜ್ಯದಲ್ಲಿ ಕುಮಾರಸ್ವಾಮಿ ನೇತೃತ್ವದ ಸರ್ಕಾರವನ್ನು ರಚಿಸಿದ್ದವು. ಪಾಲಿಕೆಯ ಪ್ರಯೋಗವನ್ನು ಅದರ ಮುನ್ನುಡಿಯೆಂದು ಕರೆಯುವವರಿದ್ದಾರೆ. 2018ರ ಅತಂತ್ರ ವಿಧಾನಸಭೆ ಇಲ್ಲದಿದ್ದರೆ ಆ ಮುನ್ನುಡಿಗೆ ಪುಸ್ತಕ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

2019ರ ಜುಲೈನಲ್ಲಿ ಆ ಸರ್ಕಾರ ಬಿದ್ದಿತು. ರಾಜೀನಾಮೆ ನೀಡಿ ಅನರ್ಹಗೊಂಡ ಶಾಸಕರಲ್ಲಿ ಸೋಮಶೇಖರ್, ಬೈರತಿ ಬಸವರಾಜ, ಮುನಿರತ್ನ ಮತ್ತು ಗೋಪಾಲಯ್ಯ ನಾಲ್ವರೂ ಇದ್ದರು. 2015ರಲ್ಲಿ ಕಾಂಗ್ರೆಸ್ಸಿಗೆ ಮೇಯರ್ ಸ್ಥಾನವನ್ನು ದೊರಕಿಸಿಕೊಡಲು ದುಡಿದವರೇ ನಂತರ ಬಿಜೆಪಿ ಸೇರಿದರು. 2019ರ ಅಕ್ಟೋಬರ್ 1ರ ಮೇಯರ್ ಚುನಾವಣೆಯ ಹೊತ್ತಿಗೆ ಅನರ್ಹತೆಯಿಂದಾಗಿ ಅವರ ಮತಗಳು ಪಟ್ಟಿಯಲ್ಲಿ ಇರಲಿಲ್ಲ, ಗಡಿ ಕೆಳಗಿಳಿದಿತ್ತು. ಜೋಗುಪಾಳ್ಯದ ಸದಸ್ಯ, ಬಿಜೆಪಿಯ ಎಂ. ಗೌತಮ್ ಕುಮಾರ್ 129 ಮತ ಪಡೆದು, 112 ಮತ ಪಡೆದ ಕಾಂಗ್ರೆಸ್ಸಿನ ಆರ್.ಎಸ್. ಸತ್ಯನಾರಾಯಣ ಅವರನ್ನು ಸೋಲಿಸಿದರು. 100 ಸ್ಥಾನ ಗೆದ್ದ ಪಕ್ಷಕ್ಕೆ ಐದನೆಯ ವರ್ಷದಲ್ಲಿ ಮೇಯರ್ ಸ್ಥಾನ ಸಿಕ್ಕಿದ್ದು ವಾರ್ಡುಗಳಲ್ಲಿ ಆದ ಬದಲಾವಣೆಗಿಂತ ಹೆಚ್ಚಾಗಿ ವಿಧಾನಸೌಧದಲ್ಲಿ ಆದ ಬದಲಾವಣೆಯಿಂದ.

ಕಲಬುರಗಿಯಲ್ಲಿ

ಬೆಂಗಳೂರಿನ ಹೊರಗೆ ಇದೇ ಪ್ರಶ್ನೆ ತೀವ್ರವಾಗಿ ಎದ್ದದ್ದು ಕಲಬುರಗಿಯಲ್ಲಿ. ಆದರೆ ಅಲ್ಲಿ ಪಾತ್ರಗಳು ಅದಲುಬದಲಾಗಿದ್ದವು. 2021ರ ಸೆಪ್ಟೆಂಬರ್ 3ರಂದು ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 27 ಸ್ಥಾನ ಗೆದ್ದು ದೊಡ್ಡ ಪಕ್ಷವಾಯಿತು. ಬಹುಮತಕ್ಕೆ ಒಂದೇ ಸ್ಥಾನ ಕಡಿಮೆ. ಬಿಜೆಪಿಗೆ 23, ಜೆಡಿಎಸ್‌ಗೆ 4 ಸ್ಥಾನಗಳು ಬಂದರೆ ಒಬ್ಬ ಪಕ್ಷೇತರ ಗೆದ್ದಿದ್ದರು. ಆಗ ರಾಜ್ಯದಲ್ಲಿ ಅಧಿಕಾರದಲ್ಲಿದ್ದುದು ಬಿಜೆಪಿ. ಕಲಬುರಗಿ ಸಂಸದ ಉಮೇಶ ಜಾಧವ್, ಕಲಬುರಗಿ ದಕ್ಷಿಣದ ಶಾಸಕ ದತ್ತಾತ್ರೇಯ ಪಾಟೀಲ ರೇವೂರ ಆ ಪಕ್ಷದವರು. ಕಲಬುರಗಿ ಉತ್ತರದ ಕನೀಜ್ ಫಾತಿಮಾ ಕಾಂಗ್ರೆಸ್ಸಿನವರು.

ಬೇರೆ ಜಿಲ್ಲೆಗಳ ಬಿಜೆಪಿ ಪರಿಷತ್ ಸದಸ್ಯರ ಹೆಸರುಗಳನ್ನು ಕಲಬುರಗಿಯ ಮತದಾರರ ಪಟ್ಟಿಗೆ ಸೇರಿಸಲಾಗಿದೆ ಎಂದು ಈ ಬಾರಿ ಆಕ್ಷೇಪಿಸಿದ್ದು ಕಾಂಗ್ರೆಸ್. ಬೆಂಗಳೂರಿನಲ್ಲಿ ಬಿಜೆಪಿ ಆಡಿದ ಮಾತುಗಳನ್ನೇ ಇಲ್ಲಿ ಕಾಂಗ್ರೆಸ್ ಆಡಿತು, ಕಾಂಗ್ರೆಸ್ ಕೊಟ್ಟಿದ್ದ ಉತ್ತರ ಬಿಜೆಪಿಯ ಬಾಯಲ್ಲಿ ಬಂತು. ವಿವಾದ ಹೈಕೋರ್ಟಿನ ಕಲಬುರಗಿ ಪೀಠದ ಮುಂದೆ ಹೋಯಿತು. ಮೇಯರ್ ಆಯ್ಕೆ ನಡೆದದ್ದು ಸುಮಾರು ಒಂದೂವರೆ ವರ್ಷದ ನಂತರ, 2023ರ ಮಾರ್ಚ್‌ನಲ್ಲಿ. ಅತ್ಯಲ್ಪ ಅಂತರದಿಂದ ಬಿಜೆಪಿಯ ವಿಶಾಲ ದರ್ಗಿ ಮೇಯರ್ ಆಗಿಯೂ ಶಿವಾನಂದ ಪಿಸ್ತಿ ಉಪಮೇಯರ್ ಆಗಿಯೂ ಆಯ್ಕೆಯಾದರು. ಅಷ್ಟು ಕಾಲ ವಾರ್ಡುಗಳಿಂದ ಗೆದ್ದವರಿದ್ದರೂ ನಗರಕ್ಕೆ ಮೇಯರ್ ಇರಲಿಲ್ಲ.

ಜಿಲ್ಲೆಯ ಸಣ್ಣ ಪಟ್ಟಣಗಳಲ್ಲೂ ನಿಯಮ ಇದಕ್ಕಿಂತ ಬಹಳ ಬೇರೆಯಲ್ಲ. ಆಳಂದ, ಅಫಜಲಪುರ, ಜೇವರ್ಗಿಯಂಥ ಪುರಸಭೆಗಳಿಗೆ 1964ರ ಪುರಸಭೆಗಳ ಅಧಿನಿಯಮ ಅನ್ವಯಿಸುತ್ತದೆ. ಅಲ್ಲಿ ಅಧ್ಯಕ್ಷರ ಆಯ್ಕೆಯಲ್ಲಿ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಮತವಿದೆ. ಆಳಂದ ತಾಲ್ಲೂಕು ಕಲಬುರಗಿ ಜಿಲ್ಲೆಯಲ್ಲಿದ್ದರೂ ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ಆ ಪಟ್ಟಣದ ಅಧ್ಯಕ್ಷರ ಆಯ್ಕೆಗೆ ಬರುವವರು ಬೀದರಿನ ಸಂಸದರು. ಇಪ್ಪತ್ತು ಮೂವತ್ತು ಮಂದಿಯ ಸಭೆಯಲ್ಲಿ ಎರಡು ಮತಗಳ ತೂಕ, ಬೆಂಗಳೂರಿನ 260ರಲ್ಲಿ ಎರಡು ಮತಗಳಿಗಿಂತ ಹೆಚ್ಚು.

ಪಾಲಿಕೆಯ ಮುಂದಿನ ಸ್ಥಿತಿ

2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಗೌತಮ್ ಕುಮಾರ್ ಅವರೇ ಬಿಬಿಎಂಪಿಯ ಕೊನೆಯ ಮೇಯರ್. ಆ ನಂತರ ಬಂದ ಬಿಬಿಎಂಪಿ ಅಧಿನಿಯಮ, 2020 ಮೇಯರ್ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿತಾದರೂ ಅದರಡಿ ಒಂದು ಚುನಾವಣೆಯೂ ನಡೆಯಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಅದರ ಜಾಗಕ್ಕೆ ಬಂತು. 2015ರಲ್ಲಿ ಜಾರಿಯಾಗದೆ ಉಳಿದಿದ್ದ ವಿಭಜನೆ ಹತ್ತು ವರ್ಷಗಳ ನಂತರ ಈ ಕಾನೂನಿನಡಿ ನಡೆದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲಿಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ ಮತ್ತು ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.